ಒಬ್ಳೇ ಹೊರಟಿದ್ದೀನಿ, ಎಲ್ಲಿಗೆ ಹೋಗ್ಲಿ? ಓದುಗರ ಪ್ರಶ್ನೆ, ಅಕ್ಕನ ಉತ್ತರ

ಈ ಸಲ ಬಂದಿರೋ ಕಾಗದ, ಮೇಲ್‌ಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷ್ಯ. ಒಬ್ಳೇ ಟ್ರಿಪ್ ಹೋಗ್ಬೇಕು, ಯಾವ ಊರು ಸೇಫ್ ಹೇಳಿ ಅಂತ. ಊರಿನ ಹೆಸರು ಹೇಳೋದೇನು ದೊಡ್ಡ ವಿಷ್ಯ ಅಲ್ಲ, ಆದ್ರೆ ನಾನು ವಾಪಸ್ ಕೇಳೋದು ಒಂದೇ, ಅಲ್ಲಿ ಎಷ್ಟು ಗಂಟೆಗೆ ಇಳೀತೀರ? ಬೆಳಿಗ್ಗೆ ಏಳಕ್ಕೆ ಇಳಿದ್ರೆ ಟೀ ಅಂಗಡಿ ತೆಗ್ದಿರತ್ತೆ, ಹೂವಿನವ್ರು ಕೂತಿರ್ತಾರೆ, ಸ್ಕೂಲ್ ಮಕ್ಕಳು ಓಡಾಡ್ತಿರ್ತಾರೆ. ಅದೇ ಊರಿಗೆ ರಾತ್ರಿ ಹನ್ನೊಂದಕ್ಕೆ ಇಳಿದ್ರೆ ಅದು ಬೇರೆ ಊರೇ. ಇದನ್ನ ತಲೇಲಿಟ್ಕೊಂಡು ಕೆಳಗಿನ ಉತ್ತರಗಳನ್ನ ಓದಿ.

ಪ್ರಶ್ನೆ: ಅಕ್ಕಾ ನಮಸ್ತೆ, ನಂಗೆ 24 ವರ್ಷ, ಈಗಷ್ಟೇ ಕೆಲ್ಸ ಸಿಕ್ಕಿದೆ. ಇಲ್ಲೀವರೆಗೂ ಒಬ್ಳೇ ಎಲ್ಲೂ ಹೋಗಿಲ್ಲ, ಹುಬ್ಬಳ್ಳಿಗೆ ಹೋದ್ರೂ ಅಪ್ಪ ಬಸ್‌ಸ್ಟ್ಯಾಂಡ್ ತನಕ ಬಂದು ಸೀಟ್ ಹಿಡ್ದು ಕೊಡ್ತಾರೆ. ಮೊದಲ ಸಲ ಗೋಕರ್ಣಕ್ಕೆ ಹೋಗೋಣ ಅಂತಿದೀನಿ, ರೀಲ್ಸ್‌ನಲ್ಲಿ ಸಖತ್ತಾಗಿದೆ. ಸರೀನಾ?
ಹೆಸರು ಬೇಡ, ದಾವಣಗೆರೆ

ಉತ್ತರ: ಗೋಕರ್ಣ ಚೆನ್ನಾಗೇ ಇದೆ, ಆದ್ರೆ ಮೊದಲ ಸಲಕ್ಕೆ ಬೇಡಮ್ಮ, ಎರಡನೇ ಸಲಕ್ಕೆ ಇಟ್ಕೋ. ಕುಡ್ಲೆಯಿಂದ ಓಂ ಬೀಚು, ಅಲ್ಲಿಂದ ಹಾಫ್ ಮೂನ್, ಪ್ಯಾರಡೈಸ್ ಅಂತ ಬಂಡೆ ಮೇಲೆ ನಡ್ಕೊಂಡು ಹೋಗೋ ದಾರಿ ಇದೆಯಲ್ಲ, ರೀಲ್ಸ್‌ನಲ್ಲಿ ಅದು ಹಗಲು ಹೊತ್ತು ಕಾಣ್ಸತ್ತೆ, ಸೂರ್ಯ ಮುಳುಗಿದ ಮೇಲೆ ಅಲ್ಲಿ ಒಂದು ಲೈಟ್ ಇಲ್ಲ, ಹಾಫ್ ಮೂನ್‌ಗೆ ಆಟೋ ಬರೋ ರೋಡೂ ಇಲ್ಲ. ಸನ್‌ಸೆಟ್ ನೋಡೋಕೆ ಅಂತಾನೇ ಹೋಗಿರ್ತೀವಿ, ವಾಪಸ್ ಬರೋದು ಕತ್ತಲೇಲಿ. ಒಬ್ಳೇ ಓಡಾಡಿ ಅಭ್ಯಾಸ ಆಗಿರೋರು ಅದಕ್ಕೆ ತಕ್ಕ ಹಾಗೆ ಪ್ಲಾನ್ ಮಾಡ್ಕೋತಾರೆ, ಹೊಸಬರಿಗೆ ಅದು ಹೊಳೆಯಲ್ಲ.

ನೀನು ಬಾದಾಮಿಗೆ ಹೋಗು. ದಾವಣಗೆರೆಯಿಂದ ಬೆಳಿಗ್ಗೆ ಬೇಗ ಹುಬ್ಬಳ್ಳಿ ಬಸ್ ಹತ್ತಿದ್ರೆ ಅಲ್ಲಿಂದ ಬಾದಾಮಿ ನೂರು ಕಿಲೋಮೀಟರ್ ಆಸುಪಾಸು, ಮಧ್ಯಾಹ್ನ ಆಗೋದ್ರೊಳಗೆ ಊರಲ್ಲಿರ್ತೀಯ. ಟ್ರೈನೂ ಇದೆ, ಆದ್ರೆ ಸ್ಟೇಷನ್ ಊರಿಂದ ಐದು ಕಿಲೋಮೀಟರ್ ದೂರ, ಬಸ್‌ಸ್ಟ್ಯಾಂಡ್ ಊರ ನಡುವೆ, ಲಾಡ್ಜು, ಖಾನಾವಳಿ, ಗುಹೆ ಎಲ್ಲಾ ನಡೆಯೋ ದೂರ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆಯಲ್ಲ, ಆಧಾರ್ ತೋರ್ಸು, ಶೂನ್ಯ ಟಿಕೆಟ್ ಇಸ್ಕೋ, ರಾಜಹಂಸ, ಸ್ಲೀಪರ್, ಏಸಿ ಬಸ್‌ಗೆ ಮಾತ್ರ ಅದು ನಡೆಯಲ್ಲ. ದುಡ್ಡು ಉಳಿಯೋದು ಒಂದು ಕಡೆ, ನಂಗೆ ಅದಕ್ಕಿಂತ ದೊಡ್ಡದು ಅನ್ಸೋದು ಏನಂದ್ರೆ ಆ ಬಸ್ಸುಗಳಲ್ಲಿ ಈಗ ಹೆಂಗಸರೇ ತುಂಬಿರ್ತಾರೆ, ಪಕ್ಕದಲ್ಲಿ ಕೂತೋರು ಊರು ತಲುಪೋದ್ರೊಳಗೆ ನಿನ್ನ ಸಂಬಳದಿಂದ ಹಿಡಿದು ಮದುವೆ ತನಕ ವಿಚಾರ್ಸಿರ್ತಾರೆ, ಕಿರಿಕಿರಿ ಅನ್ಸತ್ತೆ ನಿಜ, ಆದ್ರೆ ಅದಕ್ಕಿಂತ ಒಳ್ಳೆ ಸೆಕ್ಯುರಿಟಿ ಇಲ್ಲ.

ಬಾದಾಮೀಲಿ ನಾಲ್ಕು ಗುಹೆ, ಮೂರನೇದು ದೊಡ್ಡದು, 578ರ ಶಾಸನ ಇರೋದು ಅದ್ರಲ್ಲೇ. ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಹೆಂಗಸರು ಬಟ್ಟೆ ಒಗೀತಿರ್ತಾರೆ, ದಡದಲ್ಲೇ ನಡ್ಕೊಂಡು ಭೂತನಾಥ ಗುಡಿ ತನಕ ಹೋಗ್ಬಹುದು. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಹಿಡ್ಕೋಬೇಡ, ಅಲ್ಲಿ ನಿಜವಾಗ್ಲೂ ಹೆದರ್ಬೇಕಾಗಿರೋದು ಮಂಗಗಳಿಗೆ. ಮಧ್ಯಾಹ್ನ ಊಟಕ್ಕೆ ಬನಶಂಕರಿ ಗುಡಿಗೆ ಹೋಗು, ಐದು ಕಿಲೋಮೀಟರ್. ಬುಟ್ಟಿ ಇಟ್ಕೊಂಡು ಅಮ್ಮಂದಿರು ಕೂತಿರ್ತಾರೆ, ಜೋಳದ ರೊಟ್ಟಿ, ಜುಣಕ, ಪುಂಡಿ ಪಲ್ಯ, ಶೇಂಗಾ ಚಟ್ನಿ, ಪುಟ್ಟ ಗಡಿಗೇಲಿ ಗಟ್ಟಿ ಮೊಸರು, ಒಬ್ಳೇ ಬಂದಿದೀಯ ಅಂತ ಗೊತ್ತಾದ್ರೆ ಬೇಡ ಅಂದ್ರೂ ಇನ್ನೊಂದು ರೊಟ್ಟಿ ಹಾಕ್ತಾರೆ. ಬನದ ಹುಣ್ಣಿಮೆ ಜಾತ್ರೆ ಸಮಯದಲ್ಲಿ ಮಾತ್ರ ಲಾಡ್ಜ್ ಸಿಗೋದು ಕಷ್ಟ, ಜನವರೀಲಿ ಹೋಗೋದಾದ್ರೆ ದಿನ ನೋಡ್ಕೋ.

ಮಾರನೇ ದಿನ ಪಟ್ಟದಕಲ್ಲು, ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಅಲ್ಲಿನ ದೊಡ್ಡ ವಿರೂಪಾಕ್ಷ ಗುಡಿ ಕಟ್ಸಿದ್ದು ರಾಣಿ ಲೋಕಮಹಾದೇವಿ, ಗಂಡ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ. ಪಕ್ಕದಲ್ಲೇ ಇರೋ ಮಲ್ಲಿಕಾರ್ಜುನ ಗುಡಿ ಅವಳ ತಂಗಿ, ಅದೇ ರಾಜನ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿ ಕಟ್ಸಿದ್ದು. ಎಂಟನೇ ಶತಮಾನದಲ್ಲಿ ಅಕ್ಕತಂಗಿ ಪೈಪೋಟಿಗೆ ಬಿದ್ದ ಹಾಗೆ ಗುಡಿ ಕಟ್ಸಿದಾರೆ! ಇಷ್ಟು ಗೊತ್ತಿದ್ದು ನೋಡಿದ್ರೆ ಕಲ್ಲು ಬೇರೆ ಥರ ಕಾಣ್ಸತ್ತೆ. ಬಾದಾಮಿ ಬಸ್‌ಸ್ಟ್ಯಾಂಡ್ ಬಿಡೋ ಮುಂಚೆ ಕಂಟ್ರೋಲರ್ ಹತ್ರ ವಾಪಸ್ ಬರೋ ಕೊನೇ ಬಸ್ ಎಷ್ಟಕ್ಕೆ ಅಂತ ಕೇಳಿ, ಅದಕ್ಕಿಂತ ಹಿಂದಿನ ಬಸ್ಸಿಗೇ ಬಾ. ಅಪ್ಪನಿಗೆ ಲಾಡ್ಜಿನ ಹೆಸ್ರು, ಲ್ಯಾಂಡ್‌ಲೈನ್ ನಂಬರ್ ಎರಡೂ ಬರ್ದು ಕೊಡು, ಲೊಕೇಷನ್ ಶೇರ್ ಮಾಡು. ಬಸ್‌ಸ್ಟ್ಯಾಂಡ್‌ಗೆ ಬಿಡೋಕೆ ಬಂದ್ರೆ ಬರ್ಲಿ ಬಿಡು, ಅದ್ರಲ್ಲೇನು.

ಪ್ರಶ್ನೆ: ಮೇಡಂ, ಮುಂದಿನ ತಿಂಗಳು ಹಂಪಿಗೆ ಸೋಲೋ ಹೋಗೋಣ ಅಂತ ಟ್ರೈನ್ ಬುಕ್ ಮಾಡಿದೀನಿ. 2025ರಲ್ಲಿ ಸಣಾಪುರದಲ್ಲಿ ಆಗಿದ್ದು ಗೊತ್ತಿದ್ದೂ ಹೋಗ್ತೀಯಾ ಅಂತ ಆಫೀಸಲ್ಲಿ ಎಲ್ರೂ ಬೈತಿದಾರೆ. ಕ್ಯಾನ್ಸಲ್ ಮಾಡ್ಲಾ?
ಓದುಗಳು, ಬೆಂಗಳೂರು

ಉತ್ತರ: ಆ ಘಟನೆಯನ್ನ ಸುಮ್ನೆ ತಳ್ಳಿ ಹಾಕೋ ಹಾಗಿಲ್ಲ. ಮಾರ್ಚ್ ತಿಂಗಳ ಒಂದು ರಾತ್ರಿ, ಸಣಾಪುರದ ಹತ್ರ ತುಂಗಭದ್ರಾ ಕಾಲುವೆ ಪಕ್ಕ ಕೂತಿದ್ದ ಒಂದು ಗುಂಪಿನ ಮೇಲೆ ಬೈಕಲ್ಲಿ ಬಂದೋರು ದುಡ್ಡು ಕೇಳಿ ದಾಳಿ ಮಾಡಿದ್ರು, ಇಸ್ರೇಲಿನ ಪ್ರವಾಸಿ ಮತ್ತು ಹೋಮ್‌ಸ್ಟೇ ನಡೆಸ್ತಿದ್ದ ಹೆಣ್ಣುಮಗಳ ಮೇಲೆ ಅತ್ಯಾಚಾರ ಆಯ್ತು, ಜೊತೆಗಿದ್ದ ಗಂಡಸರನ್ನ ಕಾಲುವೆಗೆ ತಳ್ಳಿದ್ರು, ಒಬ್ರು ಸತ್ತೇ ಹೋದ್ರು. ನಿಮ್ಮ ಆಫೀಸಿನೋರು ಒಂದು ಮಾತು ಮರೀತಿದಾರೆ, ಅಲ್ಲಿ ಯಾರೂ ಒಬ್ಬಂಟಿಯಾಗಿರ್ಲಿಲ್ಲ. ಮೂರು ಜನ ಗಂಡಸರು ಜೊತೆಗಿದ್ರು. ತಪ್ಪು ಪೂರ್ತಿ ಆ ದುಷ್ಟರದ್ದು, ಕೂತಿದ್ದೋರದ್ದಲ್ಲ. ಹಾಗಾಗಿ ‘ಒಬ್ಳೇ ಹೋಗ್ಬೇಡ’ ಅನ್ನೋ ಬುದ್ಧಿವಾದಕ್ಕೆ ಆ ಘಟನೆಯನ್ನ ಎಳ್ಕೊಂಡು ಬರೋದು ನಂಗೆ ಸರಿ ಕಾಣಲ್ಲ. ಅದ್ರಿಂದ ಕಲಿಯೋದಿದ್ರೆ, ಊರಿನ ಲೈಟು ಮುಗಿದ ಮೇಲೆ ಜನ ಇಲ್ಲದ ಕಡೆ ಹೋಗೋ ಕಾರ್ಯಕ್ರಮ ಹಾಕ್ಕೋಬಾರ್ದು, ಗುಂಪಲ್ಲಿದ್ರೂ.

ಕ್ಯಾನ್ಸಲ್ ಮಾಡ್ಬೇಡಿ. ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಹೊರಟು ಬೆಳಿಗ್ಗೆ ಹೊಸಪೇಟೆಗೆ ತಲುಪತ್ತೆ, ಅಲ್ಲಿಂದ ಹಂಪಿಗೆ ಹದಿಮೂರು ಕಿಲೋಮೀಟರ್, ಲೋಕಲ್ ಬಸ್ಸಿದೆ. ಹೊಳೆ ಆಚೆ ಆನೆಗೊಂದಿ, ಸಣಾಪುರ ಕಡೆ ರೂಮ್ ಮಾಡೋ ಬದ್ಲು ಈಚೆ ಕಡೆ ಕಮಲಾಪುರದಲ್ಲೋ ಹೊಸಪೇಟೆಯಲ್ಲೋ ಮಾಡಿ, ಕಮಲಾಪುರದಲ್ಲಿ ಸರ್ಕಾರದ ಪ್ರವಾಸೋದ್ಯಮ ನಿಗಮ ಕೆಎಸ್‌ಟಿಡಿಸಿಯ ಹೋಟೆಲ್ ಮಯೂರ ಭುವನೇಶ್ವರಿ ಇದೆ. ಆಚೆ ದಡಕ್ಕೆ ಹಗಲು ಹೋಗಿ ಬನ್ನಿ, ದೋಣಿ ಸಂಜೆಗೆ ನಿಂತು ಹೋಗತ್ತೆ, ತಪ್ಪಿಸ್ಕೊಂಡ್ರೆ ಸೇತುವೆ ಮೇಲೆ ಸುತ್ತಾಕ್ಕೊಂಡು ಬರ್ಬೇಕು, ಆಟೋದವ್ರು ಹೇಳಿದ್ದೇ ರೇಟು. ಸೂರ್ಯೋದಯಕ್ಕೆ ಮಾತಂಗ ಬೆಟ್ಟ ಹತ್ತಬೇಕಾದ್ರೆ ಕತ್ತಲೇಲೇ ಹೊರಡ್ಬೇಕು, ಒಬ್ರೇ ಬೇಡ, ಗೈಡ್ ಜೊತೆ ಅಥವಾ ನಾಲ್ಕು ಜನ ಸೇರ್ಕೊಂಡು ಹೋಗಿ. ಸಂಜೆ ಹೇಮಕೂಟಕ್ಕೆ ಒಬ್ರೇ ಹೋಗಿ, ತುಂಬಾ ಜನ ಇರ್ತಾರೆ, ಇಳಿದ್ರೆ ವಿರೂಪಾಕ್ಷ ಗುಡಿ ಬಾಗ್ಲು. ವಿಜಯ ವಿಠ್ಠಲ ಗುಡಿಗೆ ಹೋಗೋ ಬ್ಯಾಟರಿ ಗಾಡಿ ಓಡಿಸೋ ಹೆಣ್ಮಕ್ಕಳಿದಾರೆ, ಸುತ್ತಮುತ್ತಲ ಊರಿನೋರೇ. ಎಲ್ಲಿ ಹೋಗ್ಬಹುದು, ಎಲ್ಲಿ ಬೇಡ ಅಂತ ಅವ್ರನ್ನ ಕೇಳಿ, ಗೂಗಲ್ ರಿವ್ಯೂಗಿಂತ ಖಡಕ್ಕಾಗಿ ಹೇಳ್ತಾರೆ. ಇನ್ಸ್ಟಾಗೆ ಸ್ಟೋರಿ ಹಾಕೋದನ್ನ ಆ ಜಾಗ ಬಿಟ್ಟ ಮೇಲೆ ಹಾಕಿ.

ಪ್ರಶ್ನೆ: ಅಕ್ಕ, ನಾಚ್ಕೆ ಬಿಟ್ಟು ಕೇಳ್ತಿದೀನಿ. ಬಸ್ ಜರ್ನೀಲಿ ಬಾತ್‌ರೂಮ್ ಸಮಸ್ಯೆಗೆ ಏನ್ಮಾಡ್ತೀರ? ನಾನಂತೂ ನೀರೇ ಕುಡಿಯಲ್ಲ.
ಪದವಿ ವಿದ್ಯಾರ್ಥಿನಿ, ಹಾಸನ

ಉತ್ತರ: ನಾಚ್ಕೆ ಏನ್ ಬಂತು, ಅರ್ಧ ಹೆಂಗಸರು ಟ್ರಿಪ್ ಬೇಡ ಅನ್ನೋದೇ ಇದಕ್ಕೆ. ನೀರು ಬಿಡ್ಬೇಡ, ಯೂರಿನ್ ಇನ್‌ಫೆಕ್ಷನ್ ಹತ್ಕೊಂಡ್ರೆ ಟ್ರಿಪ್ ಅಲ್ಲಿಗೆ ಮುಗೀತು. ದೂರದ ಊರಿಗೆ ಟ್ರೈನ್ ಇದ್ರೆ ಟ್ರೈನೇ ಹಿಡಿ, ಬಸ್ಸಾದ್ರೆ ನಡುವೆ ದೊಡ್ಡ ಬಸ್‌ಸ್ಟ್ಯಾಂಡ್ ಇರೋ ಊರಲ್ಲಿ ಇಳಿದು ಇನ್ನೊಂದು ಬಸ್ ಹತ್ತು, ಹೇಗೂ ಟಿಕೆಟ್ ಶೂನ್ಯ. ಕಂಡಕ್ಟರ್‌ಗೆ ಹತ್ತುವಾಗ್ಲೇ ‘ಎಲ್ಲಿ ನಿಲ್ಲಿಸ್ತೀರ’ ಅಂತ ಕೇಳು, ಇಳಿಯುವಾಗ ‘ನಾನು ಬರೋ ತನಕ ಬಿಡ್ಬೇಡಿ’ ಅಂತ ಹೇಳಿ ಇಳಿ. ಚಿಲ್ಲರೆ, ಪೇಪರ್ ಸೋಪ್, ಪ್ಯಾಡು, ಹಳೇ ನ್ಯೂಸ್‌ಪೇಪರ್ ಮೇಲ್ಗಡೆ ಜೇಬಲ್ಲೇ ಇರ್ಲಿ.

ಪ್ರಶ್ನೆ: ಮೇಡಂ, ನನಗೆ 58. ಕಾಶಿಗೆ ಹೋಗ್ಬೇಕು ಅಂತ ಬಹಳ ವರ್ಷದ ಆಸೆ. ಯಜಮಾನ್ರಿಗೆ ತಿರುಗಾಟ ಅಂದ್ರೆ ಆಗಲ್ಲ, ಮಕ್ಕಳಿಗೆ ರಜ ಇಲ್ಲ, ಒಬ್ಳೇ ಹೋಗ್ತೀನಿ ಅಂದ್ರೆ ನಗ್ತಾರೆ. ಮಂಡಿ ನೋವಿದೆ, ಹಿಂದಿ ಅಷ್ಟಕ್ಕಷ್ಟೆ.
ಗೃಹಿಣಿ, ತುಮಕೂರು

ಉತ್ತರ: ನಗ್ಲಿ ಬಿಡಿ ಅಮ್ಮ. ನಿಮಗೆ ಎರಡು ದಾರಿ ಇದೆ. ಒಂದು, ನಮ್ಮ ಸರ್ಕಾರದ ಕರ್ನಾಟಕ ಭಾರತ್ ಗೌರವ್ ಕಾಶಿ ದರ್ಶನ ರೈಲು, 2022ರ ನವೆಂಬರ್‌ನಲ್ಲಿ ಶುರುವಾಗಿದ್ದು, ಕಾಶಿ, ಅಯೋಧ್ಯೆ, ಪ್ರಯಾಗ ತೋರಿಸ್ಕೊಂಡು ಬರ್ತಾರೆ, ಊಟ, ವಸತಿ ಅವರದ್ದೇ, ಸಬ್ಸಿಡಿ ಬೇರೆ. ಮನೆಯವರು ಜೊತೆಗೆ ಇರಲ್ಲ, ಆದ್ರೆ ಬೋಗಿ ತುಂಬ ಕನ್ನಡದೋರು. ಮೊದಲ ಸಲಕ್ಕೆ ನನ್ನ ಓಟು ಇದಕ್ಕೇ, ಮುಂದಿನ ಟ್ರಿಪ್ ಯಾವಾಗ ಅಂತ ಮುಜರಾಯಿ ಇಲಾಖೆಯಲ್ಲಿ ವಿಚಾರಿಸಿ.

ಗುಂಪಿನ ಗಡಿಬಿಡಿ ಬೇಡ ಅಂದ್ರೆ ಬೆಂಗಳೂರಿಂದ ಸಂಘಮಿತ್ರ ಎಕ್ಸ್‌ಪ್ರೆಸ್ ರೈಲಿದೆ, ಹಳೇ ಮೊಘಲ್‌ಸರಾಯ್‌ನಲ್ಲಿ, ಅಂದ್ರೆ ಈಗಿನ ದೀನದಯಾಳ್ ಉಪಾಧ್ಯಾಯ ಜಂಕ್ಷನ್ನಲ್ಲಿ ಇಳಿದ್ರೆ ಕಾಶಿ ಹತ್ರ. ಹೆಂಗಸರಿಗೆ 58 ಆದ್ರೆ ಅರ್ಧ ಟಿಕೆಟ್ ಅಂತ ಮುಂಚೆ ಇತ್ತು, 2020ರ ಮಾರ್ಚ್‌ನಲ್ಲಿ ನಿಲ್ಲಿಸಿದವರು ಮತ್ತೆ ಕೊಟ್ಟಿಲ್ಲ, ನಂಗೆ ಇನ್ನೂ ಅದ್ರ ಮೇಲೆ ಸಿಟ್ಟಿದೆ. ಆದ್ರೆ 45 ದಾಟಿದ ಹೆಂಗಸರಿಗೆ ಲೋಯರ್ ಬರ್ತ್ ಕೋಟಾ ಇದೆ, ಬುಕ್ ಮಾಡೋ ಮಗನಿಗೆ ಹೇಳಿ ಆ ಕೋಟಾ ಹಾಕ್ಸಿ. ವಯಸ್ಸು ಎಷ್ಟಾದ್ರೂ ಸರಿ, ಸ್ಲೀಪರ್ ಕ್ಲಾಸಲ್ಲಿ ಆರು ಬರ್ತ್ ಲೇಡೀಸ್ ಕೋಟಾ ಅಂತಾನೂ ಇರತ್ತೆ. ರೈಲಲ್ಲಿ ಏನೇ ಆದ್ರೂ 139ಕ್ಕೆ ಫೋನ್ ಮಾಡಿ. ಒಬ್ರೇ ಹೋಗೋ ಹೆಂಗಸರನ್ನ ಮಾತಾಡಿಸೋಕೆ ಆರ್‌ಪಿಎಫ್‌ನೋರದ್ದು, ಅಂದ್ರೆ ರೈಲ್ವೆ ರಕ್ಷಣಾ ಪಡೆಯೋರದ್ದು, ಮೇರಿ ಸಹೇಲಿ ಅಂತ ಒಂದು ವ್ಯವಸ್ಥೆ 2020ರಿಂದ ಇದೆ, ಯೂನಿಫಾರ್ಮ್ ಹುಡುಗಿಯರು ಬಂದು ಸೀಟ್ ನಂಬರ್ ಬರ್ಕೊಂಡ್ರೆ ಗಾಬರಿ ಆಗ್ಬೇಡಿ. ರೈಲು ಕತ್ತಲಲ್ಲಿ ತಲುಪಿದ್ರೆ ಹೆಂಗಸರ ವೇಟಿಂಗ್ ರೂಮಲ್ಲಿ ಬೆಳಕಾಗೋ ತನಕ ಕೂತಿದ್ದು ಆಮೇಲೆ ಹೊರಡಿ.

ಕಾಶೀಲಿ ಗೊದೌಲಿಯಾ ಹತ್ರ ಜಂಗಮವಾಡಿ ಮಠ ಇದೆ, ಅಲ್ಲಿ ಕನ್ನಡ ಕಿವಿಗೆ ಬೀಳತ್ತೆ, ಒಬ್ರಿಗೆ ರೂಮ್ ಕೊಡ್ತಾರಾ ಅಂತ ಫೋನ್ ಮಾಡಿ ಖಾತ್ರಿ ಮಾಡ್ಕೊಂಡೇ ಹೋಗಿ, ಎಷ್ಟೋ ಕ್ಷೇತ್ರಗಳಲ್ಲಿ ಒಂಟಿ ಜನಕ್ಕೆ ಕೊಡಲ್ಲ. ಘಾಟಿನ ಮೆಟ್ಟಿಲು ಕಡಿದಾಗಿದೆ, ಮಂಡಿಗೆ ಆಗಲ್ಲ, ಗಂಗಾರತಿಯನ್ನ ದಶಾಶ್ವಮೇಧದಲ್ಲಿ ಮೇಲಿನ ಮೆಟ್ಟಿಲಲ್ಲೇ ಬೇಗ ಹೋಗಿ ಕೂತು ನೋಡಿ. ವಿಶ್ವನಾಥನ ಗುಡಿ ಒಳಗೆ ಮೊಬೈಲ್ ಬಿಡಲ್ಲ, ಲಾಕರ್‌ನಲ್ಲಿಡ್ಬೇಕು, ಅದಕ್ಕೆ ಮಗನ ನಂಬರ್, ರೂಮಿನ ವಿಳಾಸ ಒಂದು ಚೀಟೀಲಿ ಬರ್ಕೊಂಡು ಸೆರಗಿಗೆ ಕಟ್ಕೊಳ್ಳಿ. ‘ಪೂಜೆ ಮಾಡಿಸ್ತೀನಿ ಬನ್ನಿ’ ಅಂತ ಹಿಂದೆ ಬರೋರ ಜೊತೆ ರೇಟು ಮಾತಾಡ್ದೆ ಒಂದು ಹೆಜ್ಜೆ ಇಡ್ಬೇಡಿ.

ಪ್ರಶ್ನೆ: ಅಕ್ಕಾರ, ಕೆಲ್ಸದ ಮ್ಯಾಲೆ ಊರೂರು ತಿರಗತೀನ್ರಿ. ಮೊನ್ನೆ ಒಂದ್ ಊರಾಗ ಆನ್‌ಲೈನ್ ಬುಕ್ ಮಾಡಿ ಹೋದ್ರೂ ‘ಒಬ್ರೇ ಹೆಣ್ಮಕ್ಕಳಿಗೆ ರೂಮ್ ಕೊಡಂಗಿಲ್ಲ’ ಅಂದ್ಬಿಟ್ರು. ಹಿಂಗ ಮಾಡಬಹುದೇನ್ರಿ?
ಕಲಬುರಗಿ

ಉತ್ತರ: ಒಂಟಿ ಹೆಂಗಸಿಗೆ ರೂಮ್ ಕೊಡಬಾರ್ದು ಅಂತ ಯಾವ ಕಾನೂನೂ ಇಲ್ಲ ರೀ. ಐಡಿ ತೋರ್ಸಿದ್ರೆ ಸಾಕು. ಆದ್ರೆ ರಾತ್ರಿ ಒಂಬತ್ತಕ್ಕೆ ಕೌಂಟರ್ ಮುಂದೆ ನಿಂತು ಕಾನೂನು ಮಾತಾಡೋಕಾಗತ್ತಾ, ಅಲ್ಲಿ ಬೇಕಾಗಿರೋದು ಹಾಸಿಗೆ. ಬುಕ್ ಮಾಡಿದ ತಕ್ಷಣ ಲಾಡ್ಜಿಗೇ ಫೋನ್ ಹಾಕಿ ‘ನಾನೊಬ್ಳೇ ಬರ್ತಿರೋದು’ ಅಂತ ಹೇಳಿ, ಹೇಳಿದೋರ ಹೆಸ್ರು ಬರ್ಕೊಳ್ಳಿ, ಗೊಣಗಿದ್ರೆ ಆಗ್ಲೇ ಬಿಟ್ಬಿಡಿ. ಸಾಧ್ಯ ಆದ್ರೆ ಬೆಳಕಿರುವಾಗ ಚೆಕ್‌ಇನ್ ಮಾಡಿ, ಇಲ್ಲ ಅಂದ್ರೆ ಬೇರೆ ನೋಡೋಕೆ ಟೈಮಿರತ್ತೆ. ರೈಲಲ್ಲಿ ಬಂದಿದ್ರೆ ಸ್ಟೇಷನ್ನಿನ ರಿಟೈರಿಂಗ್ ರೂಮ್ ಇದೆ, ಪಿಎನ್ಆರ್ ಹಾಕಿ ಆನ್‌ಲೈನಲ್ಲೇ ಬುಕ್ ಆಗತ್ತೆ. ಕೇರಳದ ಕಡೆ ಹೋದ್ರೆ ಕೊಚ್ಚಿಯಲ್ಲಿ ಹೆಂಗಸರಿಗೇ ಅಂತ ಶೀ ಲಾಡ್ಜ್ ಇದೆ, ನಮ್ಮ ಪಾಲಿಕೆಗಳಿಗೆ ಇಂಥಾ ಬುದ್ಧಿ ಯಾವಾಗ ಬರತ್ತೋ. ರೂಮಿಗೆ ಹೋದ ಕೂಡ್ಲೇ ಒಳ ಚಿಲಕ ಹಾಕಿ ನೋಡಿ, ಗಟ್ಟಿ ಇಲ್ಲ ಅಂದ್ರೆ ಬ್ಯಾಗ್ ಬಿಚ್ಚೋ ಮುಂಚೇನೇ ರೂಮ್ ಬದಲಾಯಿಸಿ. ಯಾರಾದ್ರೂ ಬಾಗ್ಲು ಬಡಿದು ಕಾಟ ಕೊಟ್ರೆ 112ಕ್ಕೆ ಫೋನ್ ಮಾಡಿ.

ಪ್ರಶ್ನೆ: ನನ್ನ ಹೆಂಡತಿ ಒಬ್ಬಳೇ ಮೇಘಾಲಯಕ್ಕೆ ಹೋಗ್ತೀನಿ ಅಂತಿದ್ದಾಳೆ. ಕಳಿಸ್ಬಹುದಾ?
ಒಬ್ಬ ಗಂಡ, ಮೈಸೂರು

ಉತ್ತರ: ಅವ್ರು ಹೋಗ್ತೀನಿ ಅಂದಿದಾರೆ, ಕಳಿಸಿ ಅಂತ ಕೇಳಿಲ್ಲ ಸ್ವಾಮಿ. ಜಾಗ ಮಾತ್ರ ಚೆನ್ನಾಗೇ ಆರಿಸಿದಾರೆ. ಖಾಸಿ ಜನರಲ್ಲಿ ಮಕ್ಕಳಿಗೆ ಅಮ್ಮನ ಕುಲದ ಹೆಸರು, ಮನೆ ಹೋಗೋದು ಕೊನೇ ಮಗಳಿಗೆ, ಶಿಲ್ಲಾಂಗ್‌ನ ದೊಡ್ಡ ಮಾರ್ಕೆಟ್‌ನಲ್ಲಿ ವ್ಯಾಪಾರಕ್ಕೆ ಕೂತಿರೋದು ಬಹುಪಾಲು ಹೆಂಗಸರೇ. ಅಷ್ಟಕ್ಕೇ ಅಲ್ಲಿ ಕಳ್ಳಕಾಕರಿಲ್ಲ ಅಂತಲ್ಲ, ಆದ್ರೆ ಒಬ್ಬ ಹೆಂಗಸು ಓಡಾಡೋದನ್ನ ಕಣ್ಣು ಬಿಟ್ಕೊಂಡು ನೋಡೋರು ಕಮ್ಮಿ. ಗುವಾಹಟಿಗೆ ಬೆಳಿಗ್ಗೆ ಅಥವಾ ಮಧ್ಯಾಹ್ನದೊಳಗೆ ಇಳಿಯೋ ಫ್ಲೈಟ್ ನೋಡ್ಲಿ, ಅಲ್ಲಿಂದ ಶಿಲ್ಲಾಂಗ್ ನೂರು ಕಿಲೋಮೀಟರ್ ಆಗತ್ತೆ, ಶೇರ್ ಸುಮೋ ಸಿಗತ್ತೆ. ಸೊಹ್ರಾ ಕಡೆ, ಅಂದ್ರೆ ಚಿರಾಪುಂಜಿ ಕಡೆ, ನೋಂಗ್ರಿಯಾಟ್‌ನ ಎರಡಂತಸ್ತಿನ ಬೇರಿನ ಸೇತುವೆಗೆ ಮೂರು ಸಾವಿರಕ್ಕೂ ಜಾಸ್ತಿ ಮೆಟ್ಟಿಲು, ಒಂದೇ ದಿನ ಇಳಿದು ಹತ್ತೋದು ಬೇಡ, ಕೆಳಗಿನ ಊರಲ್ಲೇ ಹೋಮ್‌ಸ್ಟೇ ಇವೆ, ರಾತ್ರಿ ಅಲ್ಲೇ ಉಳ್ಕೊಂಡು ಬೆಳಿಗ್ಗೆ ತಂಪಲ್ಲಿ ಹತ್ಲಿ. ಅಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗಲ್ಲ, ಯುಪಿಐ ನಂಬ್ಕೊಂಡು ಹೋಗೋ ಹಾಗಿಲ್ಲ, ಕ್ಯಾಶ್ ಇಟ್ಕೊಳ್ಳಿ, ನೀವೂ ಒಂದು ರಾತ್ರಿ ಫೋನ್ ಬರ್ಲಿಲ್ಲ ಅಂತ ಪೊಲೀಸ್ ಸ್ಟೇಷನ್‌ಗೆ ಓಡ್ಬೇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆಗೆ ಗುಡ್ಡ ಕುಸಿಯತ್ತೆ, ಅಕ್ಟೋಬರ್ ಮೇಲೆ ಹೋದ್ರೆ ಒಳ್ಳೇದು. ಇನ್ನೊಂದು, ಭಾನುವಾರ ಶಿಲ್ಲಾಂಗ್‌ನಲ್ಲಿ ಬಹಳಷ್ಟು ಅಂಗಡಿ, ಹೋಟೆಲ್ ಮುಚ್ಚಿರತ್ತೆ, ಎಲ್ರೂ ಚರ್ಚಿಗೆ ಹೋಗಿರ್ತಾರೆ, ಶೇರ್ ಗಾಡಿಗಳೂ ಕಮ್ಮಿ, ಆ ದಿನ ಮಾತ್ರ ಅಲ್ಲಿಗೆ ತಲುಪೋ ಹಾಗೆ ಟಿಕೆಟ್ ಮಾಡ್ಬೇಡಿ ಅಂತ ಹೇಳಿ ಅವ್ರಿಗೆ.