‘ಡಾಕ್ಟ್ರೇ ಕೊಟ್ಟ ಮಾತ್ರೆ ಅಲ್ವಾ?’

ಪ್ರಶ್ನೆ: ನಾವು ಕೋಲಾರದವರು. ಯಜಮಾನರು ಎಪಿಎಂಸಿಯಲ್ಲಿ ಟೊಮೆಟೊ ಬಾಕ್ಸ್ ಲೋಡ್ ಮಾಡುತ್ತಾರೆ. ಎರಡು ವರ್ಷದ ಹಿಂದೆ ಸೊಂಟ ಹಿಡಿದಾಗ ಡಾಕ್ಟರು ಟ್ರಮಡಾಲ್, ಪ್ಯಾರಾಸಿಟಮಾಲ್ ಎರಡೂ ಇರುವ ಮಾತ್ರೆ ಐದು ದಿನಕ್ಕೆ ಬರೆದುಕೊಟ್ಟಿದ್ದರು. ಈಗ ದಿನಕ್ಕೆ ಒಂದು ಸ್ಟ್ರಿಪ್ ಬೇಕು, ಲೋಡ್ ಜಾಸ್ತಿ ಇದ್ದರೆ ಒಂದೂವರೆ. ಕೇಳಿದರೆ ‘ಡಾಕ್ಟ್ರೇ ಕೊಟ್ಟಿದ್ದಲ್ವಾ, ನಾನೇನು ಕುಡೀತೀನಾ’ ಅಂತಾರೆ. ಹೋದ ವಾರ ರಾತ್ರಿ ಒಂಥರಾ ಗೊರಗೊರ ಗೊರಕೆ. ಅಲುಗಾಡಿಸಿದರೂ ಏಳಲಿಲ್ಲ, ತುಟಿ ಕಪ್ಪಿಟ್ಟಿತ್ತು. ನೀರು ಎರಚಿ ಹೇಗೋ ಎಬ್ಬಿಸಿದೆ. ಮಾರನೇ ದಿನ ಮಾತ್ರೆ ಬಚ್ಚಿಟ್ಟರೆ ಮೈಯೆಲ್ಲ ನಡುಕ, ಭೇದಿ. ಹೆದರಿ ವಾಪಸ್ ಕೊಟ್ಟೆ. ನಾಲ್ಕು ಜನಕ್ಕೆ ಗೊತ್ತಾಗದ ಹಾಗೆ ಎಲ್ಲಿ ತೋರಿಸಲಿ?
– ಹೆಸರು ಬೇಡ

ಮನೋವೈದ್ಯರ ಉತ್ತರ: ಅಮ್ಮಾ, ಮೊದಲು ಆ ಗೊರಕೆಯ ಮಾತು. ಅದು ನಿದ್ದೆ ಅಲ್ಲ, ಉಸಿರು ಕಟ್ಟುತ್ತಿದ್ದ ಸದ್ದು. ಟ್ರಮಡಾಲ್ ಅಫೀಮಿನ ಜಾತಿಗೆ ಸೇರಿದ ಔಷಧಿ. ಮಿತಿ ಮೀರಿದರೆ ಉಸಿರಾಟ ನಡೆಸುವ ಮಿದುಳಿನ ಭಾಗವೇ ಮಂಕಾಗುತ್ತದೆ. ಫಿಟ್ಸ್ ಕೂಡ ಬರಬಹುದು. ಮೇಲೆ ಹೆಂಡವೋ ನಿದ್ದೆ ಮಾತ್ರೆಯೋ ಸೇರಿದರೆ ಜೀವಕ್ಕೇ ಅಪಾಯ.

ಮತ್ತೆ ಹಾಗಾದರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ, ಪಕ್ಕ ಬಿಟ್ಟು ಹೋಗಬೇಡಿ. ನಿಂಬೆ ನೀರು, ಉಪ್ಪು ನೀರು, ಕಾಫಿ ಏನನ್ನೂ ಬಾಯಿಗೆ ಹಾಕಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಆಸ್ಪತ್ರೆಯಲ್ಲಿ ನಲಾಕ್ಸೋನ್ ಅನ್ನುವ ಇಂಜೆಕ್ಷನ್ ಇರುತ್ತದೆ, ಉಸಿರು ಮರಳಿಸುತ್ತದೆ. ಆದರೆ ಏನು ನುಂಗಿದ್ದರು ಅಂತ ನೀವು ಮುಚ್ಚಿಡದೆ ಹೇಳಬೇಕು.

ಒಂದು ಲೆಕ್ಕ ನೋಡಿ. ಈ ಮಾತ್ರೆಯಲ್ಲಿ ಸಾಮಾನ್ಯವಾಗಿ ಟ್ರಮಡಾಲ್ 37.5 ಮಿ.ಗ್ರಾಂ, ಪ್ಯಾರಾಸಿಟಮಾಲ್ 325 ಮಿ.ಗ್ರಾಂ ಇರುತ್ತದೆ. ಒಂದೂವರೆ ಸ್ಟ್ರಿಪ್ ಅಂದರೆ 15 ಮಾತ್ರೆ. ಟ್ರಮಡಾಲ್ 560 ದಾಟಿತು, ದಿನದ ಮಿತಿ 400. ಪ್ಯಾರಾಸಿಟಮಾಲ್ 4,875, ಅದರ ಮಿತಿ 4,000. ಇದು ಸದ್ದಿಲ್ಲದೆ ಲಿವರ್ ತಿನ್ನುತ್ತದೆ. ಮೊದಲ ದಿನ ಆರಾಮಾಗಿದ್ದವರಿಗೂ ಎರಡು ಮೂರು ದಿನ ಬಿಟ್ಟು ತೊಂದರೆ ಕಾಣಿಸಬಹುದು. ಎದ್ದು ಕೆಲಸಕ್ಕೆ ಹೋದರು ಅಂತ ಬಿಡಬೇಡಿ, ಈ ವಾರವೇ ಲಿವರ್ ಟೆಸ್ಟ್ ಮಾಡಿಸಿ.

‘ಡಾಕ್ಟ್ರೇ ಕೊಟ್ಟಿದ್ದು’ ಅನ್ನುವ ಮಾತು ನಮ್ಮ ಓಪಿಡಿಯಲ್ಲಿ ದಿನಾ ಕೇಳುತ್ತೇವೆ. ಡಾಕ್ಟರು ಕೊಟ್ಟಿದ್ದು ಐದು ದಿನಕ್ಕೆ. ಉಳಿದ ಎರಡು ವರ್ಷ ಕೊಟ್ಟವರು ಯಾರು? 2018ರಲ್ಲೇ ಟ್ರಮಡಾಲನ್ನು ಮಾದಕ ವಸ್ತು ನಿಯಂತ್ರಣ ಕಾಯ್ದೆಯಡಿ ತಂದಿದ್ದಾರೆ. ಚೀಟಿ ಇಲ್ಲದೆ ಸ್ಟ್ರಿಪ್ ಎತ್ತಿಕೊಡುವ ಅಂಗಡಿಯವರ ಮೇಲೆ ನನಗೆ ನಿಮ್ಮ ಯಜಮಾನರಿಗಿಂತ ಜಾಸ್ತಿ ಸಿಟ್ಟಿದೆ.

ಬಚ್ಚಿಟ್ಟಿದ್ದು ನಿಮ್ಮ ತಪ್ಪಲ್ಲ, ಆದರೆ ಇನ್ನು ಹಾಗೆ ಮಾಡಬೇಡಿ. ಆಕಳಿಕೆ, ಮೂಗು ಸೋರುವುದು, ರೋಮ ನಿಮಿರುವುದು, ಭೇದಿ, ನಿದ್ದೆ ಬಾರದಿರುವುದು, ಇದೆಲ್ಲ ಔಷಧಿ ತಪ್ಪಿದ್ದಕ್ಕೆ ಮೈ ಮಾಡುವ ರಂಪಾಟ. ಎರಡು ಮೂರು ದಿನ ಜೋರಾಗಿರುತ್ತದೆ. ನಾವು ಬೇರೆ ಔಷಧಿಯ ಆಸರೆ ಕೊಟ್ಟು ಹಂತ ಹಂತವಾಗಿ ಇಳಿಸುತ್ತೇವೆ. ಇನ್ನೊಂದು ಎಚ್ಚರ: ಕೆಲವು ವಾರ ಬಿಟ್ಟಿದ್ದವರು ‘ಇವತ್ತೊಂದು ದಿನ’ ಅಂತ ಹಳೇ ಲೆಕ್ಕದಲ್ಲೇ ನುಂಗಿದರೆ ಮೈ ತಡೆಯುವುದಿಲ್ಲ. ಎಷ್ಟೋ ಸಾವು ಆಗುವುದು ಹೀಗೇ.

ಎಲ್ಲಿಗೆ ಹೋಗಬೇಕು? ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಿ. ಟಮಕದ ಮೆಡಿಕಲ್ ಕಾಲೇಜು ಆಸ್ಪತ್ರೆಯೂ ಇದೆ. ಊರಲ್ಲೇ ಬೇಡ ಅನ್ನಿಸಿದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೇ ಪ್ರತ್ಯೇಕ ವಿಭಾಗ ಇದೆ. ಮೊದಲು ಮಾತಾಡಿ ನೋಡೋಣ ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಚಿಕಿತ್ಸೆಯ ವಿಷಯ ಗುಟ್ಟಾಗಿಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ.

ಸೊಂಟವನ್ನೂ ಮರೆಯಬೇಡಿ. 15 ಕೆಜಿ ಬಾಕ್ಸ್ ದಿನವಿಡೀ ಎತ್ತುವವರಿಗೆ ನೋವು ಸುಮ್ನೆ ಹೋಗಲ್ಲ. ಮೂಳೆ ಡಾಕ್ಟರು, ಫಿಸಿಯೋಥೆರಪಿ ಜೊತೆಗೇ ನಡೆಯಲಿ. ಬರುವಾಗ ಮನೆಯಲ್ಲಿರುವ ಖಾಲಿ ಸ್ಟ್ರಿಪ್‌ಗಳನ್ನೆಲ್ಲ ಒಂದು ಕವರಿಗೆ ಹಾಕಿ ತನ್ನಿ. ಎಷ್ಟು ತಗೋತೀರಿ ಅಂತ ಅವರನ್ನು ಕೇಳಿದರೆ ಅರ್ಧ ಹೇಳುತ್ತಾರೆ.