ಹಾಡು, ಗಿಟಾರ್ ಇಲ್ಲದಿದ್ದರೂ ಅದು ಫ್ಲಮೆಂಕೊ ಆಗುತ್ತಾ?

ಫ್ಲಮೆಂಕೊ ಅಂದರೆ ಸ್ಪೇನಿನ ಹಾಡು, ಗಿಟಾರ್, ಕುಣಿತ ಸೇರಿದ ಕಲೆ. ನೀವು ನೋಡಿದ ಹೊಸ ಫ್ಲಮೆಂಕೊ ವಿಡಿಯೊದಲ್ಲಿ ಗಿಟಾರ್ ಇಲ್ಲ, ಜಾಸ್ತಿ ಹೊತ್ತು ಬರೀ ಮೌನ, ಕಲಾವಿದೆ ನೆಲದ ಮೇಲೆ ಹೊರಳುತ್ತಾರೆ. ಇದಕ್ಕೂ ಫ್ಲಮೆಂಕೊ ಅಂತಲೇ ಯಾಕೆ ಹೆಸರು ಅಂತ ಕೇಳಿದ್ದೀರಿ.

ನನಗೂ ಹೀಗೇ ಆಗಿತ್ತು. ಇಸ್ರಾಯೆಲ್ ಗಾಲ್ವಾನ್ ಅವರ ನೃತ್ಯವನ್ನು ಮೊದಲ ಸಲ ನೋಡಿದಾಗ ಹತ್ತು ನಿಮಿಷಕ್ಕೇ ನಿಲ್ಲಿಸಿಬಿಟ್ಟೆ. ಒಂದು ಕಡೆಗೆ ವಾಲುತ್ತಾರೆ, ಥಟ್ಟನೆ ನಿಲ್ಲುತ್ತಾರೆ, ಬೆರಳಿನಿಂದ ಹಲ್ಲು ತಟ್ಟಿ ಸದ್ದು ಮಾಡುತ್ತಾರೆ. ಏನೂ ಅರ್ಥವಾಗಲಿಲ್ಲ. ಕೆಲವು ತಿಂಗಳ ನಂತರ ‘ಸೊಲೆಯಾ’ ಅನ್ನುವ ಹಳೇ ಪ್ರಕಾರಕ್ಕೆ ಚಪ್ಪಾಳೆ ಹಾಕುವುದನ್ನು ಕಲಿತೆ. ಆಮೇಲೆ ಅದೇ ವಿಡಿಯೊ ನೋಡಿದರೆ ಪೂರ್ತಿ ಬೇರೆಯದೇ ಕಾಣಿಸಿತು.

ಆ ತಾಳದ ವಿಷಯ ಸ್ವಲ್ಪ ಹೇಳಬೇಕು, ಯಾಕೆಂದರೆ ನನ್ನ ಉತ್ತರ ಇರುವುದೇ ಅಲ್ಲಿ. ಫ್ಲಮೆಂಕೊದವರು ಅದನ್ನು ‘ಕೊಂಪಾಸ್’ ಅನ್ನುತ್ತಾರೆ. ಸೊಲೆಯಾದಲ್ಲಿ 12 ಎಣಿಕೆ. ಒತ್ತು ಬೀಳುವುದು 3, 6, 8, 10, 12ರ ಮೇಲೆ. ಅಂದರೆ ಮೊದಲು ಮೂರು ಮೂರಾಗಿ ನಡೆದು, ಆಮೇಲೆ ಎರಡೆರಡಾಗಿ ಹೆಜ್ಜೆ ಬಿಗಿಯಾಗುತ್ತದೆ. ಸಾಮಾನ್ಯವಾಗಿ ಸಾಲು 10ಕ್ಕೆ ಬಂದು ಮುಗಿಯುತ್ತದೆ, ಉಳಿದೆರಡು ಉಸಿರಾಡುವ ಜಾಗ. ಆದಿತಾಳಕ್ಕೆ ಒಗ್ಗಿದ ನನ್ನ ಕೈಗೆ ಇದು ಕೂರಲು ವಾರಗಳೇ ಬೇಕಾದವು. ಕೂತ ಮೇಲೆ ಗೊತ್ತಾಯಿತು: ಗಾಲ್ವಾನ್ ಎಲ್ಲೆಂದರಲ್ಲಿ ನಿಲ್ಲುವುದಿಲ್ಲ. ಗಿಟಾರ್ ಸುಮ್ಮನಿದ್ದಾಗಲೂ ಅವರ ಮೈಯೊಳಗೆ ಎಣಿಕೆ ಓಡುತ್ತಲೇ ಇರುತ್ತದೆ.

ಅವರು 1973ರಲ್ಲಿ ಸ್ಪೇನಿನ ಸೆವಿಯಾದಲ್ಲಿ ಹುಟ್ಟಿದವರು. ಅಪ್ಪ ಅಮ್ಮ ಇಬ್ಬರೂ ಫ್ಲಮೆಂಕೊ ನರ್ತಕರು. ಹಳೇ ಸಂಪ್ರದಾಯವನ್ನು ಮುರಿಯುವುದಕ್ಕೂ ಮೊದಲು ಅದನ್ನು ಮನೆಯಲ್ಲೇ ಕುಡಿದು ಬೆಳೆದವರು. ನೋಡಲು ಶುರು ಮಾಡುವುದಾದರೆ ಅವರ 2005ರ ‘ಲಾ ಎದಾದ್ ದೆ ಓರೊ’ದಿಂದ ಶುರು ಮಾಡಿ. ವೇದಿಕೆ ಮೇಲೆ ಒಬ್ಬ ಹಾಡುಗಾರ, ಒಬ್ಬ ಗಿಟಾರ್ ವಾದಕ, ಇವರು, ಅಷ್ಟೇ. ಹಳೆಯದು ಎಲ್ಲಿ ಬಾಗುತ್ತದೆ ಅನ್ನುವುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ನೆಲದ ಮೇಲೆ ಹೊರಳುವುದು ಅಂದಿರಲ್ಲ, ನನಗೆ ತಕ್ಷಣ ನೆನಪಾಗಿದ್ದು ನರ್ತಕಿ ರೊಸಿಯೊ ಮೊಲಿನಾ. 2016ರ ‘ಕಾಯೀದಾ ದೆಲ್ ಸಿಯೆಲೊ’ದಲ್ಲಿ ಬಿಳಿ ‘ಬಾತಾ ದೆ ಕೋಲಾ’ ತೊಟ್ಟು, ಅಂದರೆ ಹಿಂದೆ ಉದ್ದಕ್ಕೆ ಎಳೆಯುವ ನೆರಿಗೆಯ ಲಂಗ ತೊಟ್ಟು, ನಿಧಾನವಾಗಿ ನೆಲಕ್ಕೆ ಒರಗಿ ಚಲಿಸುತ್ತಾರೆ. ಆ ಲಂಗವನ್ನು ಕಾಲಿನಿಂದ ಒದ್ದು ತಿರುಗಿಸುವುದು ಹಳೇ ವಿದ್ಯೆ, ವರ್ಷಗಟ್ಟಲೆ ಕಲಿಯಬೇಕು. ಮೊಲಿನಾ ಅದನ್ನೇ ಜೀವವಿರುವ ಪ್ರಾಣಿಯ ಹಾಗೆ ಮಾಡಿಬಿಡುತ್ತಾರೆ. ಆಮೇಲೆ ಬಣ್ಣದಲ್ಲಿ ತೊಯ್ದ ಬಟ್ಟೆ ಎಳೆದುಕೊಂಡು ಹೋಗಿ ನೆಲದ ತುಂಬ ಗುರುತು ಬಿಡುತ್ತಾರೆ. ಹೆಣ್ಣಿನ ಮೈಯ ಬಗ್ಗೆ ಇಷ್ಟು ನೇರವಾಗಿ ಮಾತಾಡಿದ ನೃತ್ಯ ನಾನು ಬೇರೆ ನೋಡಿಲ್ಲ. 2018ರಲ್ಲಿ ‘ಗ್ರಿತೊ ಪೆಲಾವೊ’ವನ್ನು ಅವರು ಬಸುರಿಯಾಗಿದ್ದಾಗಲೇ ಕುಣಿದರು, ಜೊತೆಗೆ ಅವರ ಅಮ್ಮನೂ ವೇದಿಕೆಯಲ್ಲಿದ್ದರು.

‘ಮೊದಲೆಲ್ಲ ಶುದ್ಧವಾಗಿತ್ತು’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಈಗ ಎಲ್ಲ ಕಡೆ ಕಾಣುವ ಕಾಹೋನ್, ಮೇಲೆ ಕೂತು ಬಡಿಯುವ ಮರದ ಪೆಟ್ಟಿಗೆ, ಪೆರುವಿನದು. ಗಿಟಾರ್ ವಾದಕ ಪಾಕೊ ದೆ ಲೂಸಿಯಾ ಅದನ್ನು ಫ್ಲಮೆಂಕೊಗೆ ತಂದಿದ್ದು 1970ರ ದಶಕದ ಕೊನೆಗೆ. ಅದಕ್ಕೂ ಬಹಳ ಮೊದಲೇ ಫ್ಲಮೆಂಕೊ ನರ್ತಕ ವಿಸೆಂತೆ ಎಸ್ಕುದೆರೊ ಪ್ಯಾರಿಸ್‌ನಲ್ಲಿ ಡೈನಮೊ ಯಂತ್ರಗಳ ಸದ್ದಿಗೆ ಕುಣಿದಿದ್ದರು. ಗಂಡಸರು ಹೇಗೆ ಕುಣಿಯಬೇಕು ಅಂತ 1951ರಲ್ಲಿ ಹತ್ತು ಕಟ್ಟುನಿಟ್ಟಿನ ನಿಯಮ ಬರೆದವರೂ ಅವರೇ! ಒಬ್ಬನೇ ಮನುಷ್ಯನಲ್ಲಿ ಎರಡೂ ಇದ್ದವು.

ಹಾಗಂತ ಎಲ್ಲ ಪ್ರಯೋಗವೂ ನನಗೆ ಹಿಡಿಸುತ್ತದೆ ಅಂತಲ್ಲ. ಕೆಂಪು ಲಂಗ, ಹಿಮ್ಮಡಿ ಸದ್ದು ಎರಡನ್ನೇ ಇಟ್ಟುಕೊಂಡು ಕೊಂಪಾಸ್ ಕೈಬಿಟ್ಟ ಪ್ರದರ್ಶನಗಳನ್ನೂ ನೋಡಿದ್ದೇನೆ. ನೋಡಲು ಚೆಂದ, ಆದರೆ ಅವನ್ನು ನಾನು ಫ್ಲಮೆಂಕೊ ಅನ್ನಲಾರೆ. ಗಿಟಾರ್ ಇಲ್ಲದಿದ್ದರೆ ಪರವಾಗಿಲ್ಲ, ಎಣಿಕೆ ಇರಲೇಬೇಕು.

ನೀವು ಒಂದು ಕೆಲಸ ಮಾಡಿ. ಯಾವುದಾದರೂ ಹಳೇ ಸೊಲೆಯಾ ಹಾಕಿಕೊಂಡು ಒಂದು ವಾರ ದಿನಕ್ಕೆ ಹತ್ತು ನಿಮಿಷ 12 ಎಣಿಸುತ್ತಾ ತೊಡೆ ಮೇಲೆ ತಟ್ಟಿ. ಆಮೇಲೆ ಅದೇ ವಿಡಿಯೊ ಮತ್ತೆ ನೋಡಿ. ಅದು ಯಾರದ್ದು ಅಂತ ಕೆಳಗೆ ಬರೆದರೆ ನಾನೂ ನೋಡುತ್ತೇನೆ.