ಪದ ಗೊತ್ತು, ಆದ್ರೆ ಬಾಯಿಗೆ ಬರಲ್ಲ

"ದಿನಾ 20 ಕಷ್ಟದ ಇಂಗ್ಲಿಷ್ ಪದ ಕಲಿಯುತ್ತೇನೆ. ಮಾತಾಡುವಾಗ ಒಂದೂ ನೆನಪಾಗಲ್ಲ. ಬಳಸಿದರೂ ತಪ್ಪಾಗುತ್ತೆ. ಏನು ಮಾಡಲಿ?" ಅಂತ ಕೇಳಿದ್ದೀರಿ.

ಮೊದಲು ಆ 20ರ ಲೆಕ್ಕ ಬಿಡಿ. ನಾನೂ ಅದೇ ಹುಚ್ಚು ಹಿಡಿಸಿಕೊಂಡಿದ್ದವನು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಆಮೇಲೆ ಒಂದು ಸಣ್ಣ ಕಾರ್ಖಾನೆಯ ಪರ್ಚೇಸ್ ವಿಭಾಗದಲ್ಲಿ ಕೆಲಸ. ಇಂಗ್ಲಿಷ್‌ನಲ್ಲಿ ಮೇಲ್ ಬರೆಯದೆ ವಿಧಿಯಿರಲಿಲ್ಲ. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡ ಅರ್ಥ ಬರೆದುಕೊಂಡು ಬಸ್ಸಿನಲ್ಲಿ ಉರು ಹೊಡೆಯುತ್ತಿದ್ದೆ. ಒಂದು ದಿನ 'ಮಿಟಿಗೇಟ್ – ಕಡಿಮೆ ಮಾಡು' ಅಂತ ಕಲಿತೆ. ಮರುದಿನವೇ ಒಬ್ಬ ಸಪ್ಲೈಯರ್‌ಗೆ 'ಪ್ಲೀಸ್ ಮಿಟಿಗೇಟ್ ಯುವರ್ ರೇಟ್' ಅಂತ ಮೇಲ್ ಹಾಕಿದೆ. ಅವರು ಫೋನ್ ಮಾಡಿ, "ಸಾರ್, ಡಿಸ್ಕೌಂಟ್ ಕೇಳ್ತಿದ್ದೀರಾ, ಇಲ್ಲ ಏನಾದ್ರೂ ಕಂಪ್ಲೇಂಟಾ?" ಅಂದರು.

ಅರ್ಥ ಪೂರ್ತಿ ತಪ್ಪಿರಲಿಲ್ಲ. ಜೊತೆ ತಪ್ಪಿತ್ತು. ಮಿಟಿಗೇಟ್ ಓಡಾಡುವುದೇ ಕೆಟ್ಟ ವಿಷಯಗಳ ಜೊತೆ: ರಿಸ್ಕ್, ನಷ್ಟ, ಪ್ರವಾಹ. ಬರುವ ಏಟನ್ನು ಹಗುರ ಮಾಡುವುದು ಅಂತ ಅದರ ಭಾವ. ಬೆಂಗಳೂರಿನ ರಸ್ತೆಗಳು ಮಳೆಗೆ ಮುಳುಗಿದ ಸುದ್ದಿ ಓದುವಾಗ 'ಫ್ಲಡ್ ಮಿಟಿಗೇಷನ್' ಅಂತ ಇಂಗ್ಲಿಷ್ ಪೇಪರ್‌ನಲ್ಲಿ ನೋಡಿರುತ್ತೀರಿ. ರೇಟು, ತೂಕ, ಕಾಫಿಗೆ ಹಾಕುವ ಸಕ್ಕರೆ, ಇವನ್ನೆಲ್ಲ ರೆಡ್ಯೂಸ್ ಮಾಡುತ್ತಾರೆ, ಮಿಟಿಗೇಟ್ ಮಾಡಲ್ಲ. ಸುಲಭದ ಪದಗಳಲ್ಲೂ ಈ ಗುಣ ಇದೆ. 'ಕಾಸ್' ತಗೊಳ್ಳಿ (ಜೇಬಿನ ಕಾಸಲ್ಲ, 'ಉಂಟುಮಾಡು' ಅನ್ನೋ ಕಾಸ್). ಆಕ್ಸಿಡೆಂಟ್, ಡ್ಯಾಮೇಜ್, ತೊಂದರೆ, ಇವೇ ಜಾಸ್ತಿ ಅದರ ಹಿಂದೆ ಬರುವುದು. 'ಈ ಮೆಷೀನ್ ಪ್ರಾಫಿಟ್ ಕಾಸ್ ಮಾಡುತ್ತೆ' ಅಂತ ಬರೆದರೆ ಓದುವವರಿಗೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ.

ಇದು ಇಂಗ್ಲಿಷಿನ ಚೇಷ್ಟೆ ಅಂತ ಅಂದುಕೊಳ್ಳಬೇಡಿ. ನಮ್ಮ 'ಹೊಡೆ'ಯನ್ನೇ ನೋಡಿ. ಕನ್ನಡ ಕಲಿಯುತ್ತಿದ್ದ ನನ್ನ ಸಹೋದ್ಯೋಗಿಯೊಬ್ಬರು 'ಹೊಡೆ ಅಂದ್ರೆ ಬೀಟ್' ಅಂತ ಬರೆದುಕೊಂಡಿದ್ದರು. ಆಮೇಲೆ ಗೊರಕೆ ಹೊಡೆಯುವವರು, ಹರಟೆ ಹೊಡೆಯುವವರು, ಈಜು ಹೊಡೆಯುವವರು, ಗೋಡೆಗೆ ಬಣ್ಣ ಹೊಡೆಯುವವರು, ಕಣ್ಣು ಹೊಡೆಯುವವರು ಎಲ್ಲ ಎದುರಾದರು. ಪಾಪ, ಈ ಊರಿನವರು ಎಷ್ಟು ಹೊಡೆದಾಡ್ತಾರೆ ಅಂದುಕೊಂಡಿದ್ದರಂತೆ! ನಾವು 'ಗೊರಕೆ ಹೊಡೆ'ಯನ್ನು ಒಂದೇ ತುಂಡಾಗಿ ಕಲಿತೆವು, ಬಿಡಿಬಿಡಿಯಾಗಿ ಅಲ್ಲ. ಇಂಗ್ಲಿಷಿನಲ್ಲೂ ಹಾಗೇ ಕಲಿಯಬೇಕು. ಪದವನ್ನು ಅದರ ಸಹವಾಸದಿಂದ ತಿಳಿಯಬೇಕು ಅಂತ ಬ್ರಿಟಿಷ್ ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1957ರಲ್ಲೇ ಬರೆದಿದ್ದರು. ಹೀಗೆ ಪದಗಳು ಜೊತೆಗೂಡಿ ಬರುವುದಕ್ಕೆ ಕೊಲೊಕೇಶನ್ ಅನ್ನುತ್ತಾರೆ.

ಈಗ ನಾನು ಮಾಡುವುದು ಇಷ್ಟು. ವಾರಕ್ಕೆ 5 ಪದ, ಜಾಸ್ತಿ ಬೇಡ. ಒಂದೊಂದಕ್ಕೂ ನೋಟ್‌ಬುಕ್ಕಿನಲ್ಲಿ ಅರ್ಧ ಪುಟ. ಕನ್ನಡ ಅರ್ಥ ಒಂದು ಸಾಲು, ಅದರ ಕೆಳಗೆ ಆ ಪದದ ಮೂರು ಜೊತೆಗಾರರು. ಆಮೇಲೆ ಅವತ್ತು ನನಗೇ ಆದ ಒಂದು ಸಂಗತಿಯ ಮೇಲೆ ಒಂದು ವಾಕ್ಯ. ಉದಾಹರಣೆಗೆ 'ಎಕ್ಸಾಸರ್ಬೇಟ್', ಅಂದರೆ ಮೊದಲೇ ಇರುವ ತೊಂದರೆಯನ್ನು ಇನ್ನೂ ಹದಗೆಡಿಸುವುದು. ಜೊತೆಗಾರರು: ಪ್ರಾಬ್ಲಮ್, ನೋವು, ಟೆನ್ಷನ್. ನನ್ನ ವಾಕ್ಯ: ಮೆಟ್ರೋ ಕಾಮಗಾರಿ ನಮ್ಮ ರಸ್ತೆಯ ಟ್ರಾಫಿಕ್ ಪ್ರಾಬ್ಲಮ್ಮನ್ನು ಎಕ್ಸಾಸರ್ಬೇಟ್ ಮಾಡಿದೆ. ಇದನ್ನು ಬರೆದ ದಿನ ನಾನು ಆ ಟ್ರಾಫಿಕ್‌ನಲ್ಲಿ ನಿಂತು ಬೈದುಕೊಂಡಿದ್ದೆ. ಅದಕ್ಕೇ ಇವತ್ತಿಗೂ ಮರೆತಿಲ್ಲ.

ಜೊತೆಗಾರರು ಎಲ್ಲಿ ಸಿಗುತ್ತಾರೆ? ಇಂಗ್ಲಿಷ್-ಕನ್ನಡ ನಿಘಂಟಿನಲ್ಲಿ ಅಷ್ಟಾಗಿ ಸಿಗಲ್ಲ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ನವರು ಕಲಿಯುವವರಿಗೆಂದೇ ಮಾಡಿದ ನಿಘಂಟುಗಳು ಆನ್‌ಲೈನಲ್ಲಿ ಪುಕ್ಕಟೆ ಇವೆ. ಅರ್ಥಕ್ಕಿಂತ ಮೊದಲು ಅಲ್ಲಿನ ಉದಾಹರಣೆ ವಾಕ್ಯ ಓದಿ. ಯಾವ ಪದ ಕಲಿಯಬೇಕು ಅನ್ನೋದಕ್ಕೆ 'ಅಕಾಡೆಮಿಕ್ ವರ್ಡ್ ಲಿಸ್ಟ್' ನೋಡಿ. ನ್ಯೂಜಿಲೆಂಡಿನ ಆವೆರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಪಟ್ಟಿ ಅದು. ಓದಿನ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುವ 570 ಪದಕುಟುಂಬಗಳು (ಒಂದೇ ಮೂಲದಿಂದ ಹುಟ್ಟಿದ ಪದಗಳ ಗುಂಪುಗಳು), ಅಷ್ಟೇ. ಪೇಪರ್ರು, ವರದಿ, ಮೇಲ್‌ಗಳಲ್ಲೂ ಇವು ಕಾಣುತ್ತಲೇ ಇರುತ್ತವೆ. ವಾಟ್ಸಾಪ್‌ನಲ್ಲಿ ಓಡಾಡುವ 'ಗೊತ್ತಿರಲೇಬೇಕಾದ 1000 ಪದ'ಗಳ ಪಿಡಿಎಫ್ ಡಿಲೀಟ್ ಮಾಡಿ.

ಇನ್ನೊಂದು ಮಾತು. ಎಲ್ಲ ಪದವೂ ಬಾಯಿಗೆ ಬರಲೇಬೇಕು ಅಂತ ಇಲ್ಲ. 'ಪ್ರಕ್ಷುಬ್ಧ' ಅಂತ ಪೇಪರ್‌ನಲ್ಲಿ ಓದಿದರೆ ನಿಮಗೆ ಅರ್ಥವಾಗುತ್ತೆ. ಮನೆಯಲ್ಲಿ ಯಾವತ್ತಾದರೂ ಅಂದಿದ್ದೀರಾ? ಇಂಗ್ಲಿಷಿನಲ್ಲೂ ಅಂಥವು ಬೇಕಾದಷ್ಟಿವೆ, ಓದಿದಾಗ ತಿಳಿದರೆ ಸಾಕು. 'ಕಮೆನ್ಸ್' ಗೊತ್ತಾಯಿತು ಅಂತ ಊಟಕ್ಕೆ ಕೂತಾಗ 'ಲೆಟ್ ಅಸ್ ಕಮೆನ್ಸ್' ಅಂದರೆ, 'ಭೋಜನವನ್ನು ಪ್ರಾರಂಭಿಸೋಣ' ಅಂದ ಹಾಗಿರುತ್ತೆ, ಅಲ್ವಾ?

ಹಾಂ, ಬಾಯಿಗೆ ತರುವ ಮೊದಲು ನಿಘಂಟಿನ ಸ್ಪೀಕರ್ ಗುರುತು ಒತ್ತಿ ಉಚ್ಚಾರಣೆ ಕೇಳಿ. ಬರೆದ ಹಾಗೇ ಓದುವ ಭಾಷೆಯವರು ನಾವು, ಇಲ್ಲೇ ಸಿಕ್ಕಿಬೀಳುವುದು. epitome (ಒಂದು ಗುಣಕ್ಕೆ ಪಕ್ಕಾ ಮಾದರಿ) ಅನ್ನೋ ಪದವನ್ನು ನಾನು ಎಷ್ಟೋ ವರ್ಷ 'ಎಪಿಟೋಮ್' ಅನ್ನುತ್ತಿದ್ದೆ. ಅದು 'ಇಪಿಟಮಿ' ಅಂತ ಗೊತ್ತಾಗಿದ್ದು ಮೀಟಿಂಗ್‌ನಲ್ಲಿ ಎರಡು ಸಲ ಹೇಳಿಯಾದ ಮೇಲೆ.